ಚಾಂದನಿಯ ಹಿಂದೆ

ಡಿಸೆಂಬರ್ 14, 2025, ಭಾನುವಾರ
ಬೀದರ್

ಅಷ್ಟೂರಿನ ಗುಮ್ಮಟಗಳು ಕಾಣುವ ತಿರುವಿನಲ್ಲಿ ರಾಜಾ ಇವತ್ತು ನಿಂತುಬಿಟ್ಟ. ಜಾಲಿಕಂಟಿಗೆ ಸಿಕ್ಕಿಕೊಂಡಿದ್ದ ರಸಗೊಬ್ಬರದ ಖಾಲಿ ಚೀಲವೊಂದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಗುಡುಗಿಕೊಂಡು ಹೋದರೂ ತಲೆಯೆತ್ತದೆ ಮೇಯುವ ಕುದುರೆ ಇದು. ಆ ಸದ್ದು ಹುಟ್ಟಿದಾಗಿನಿಂದ ಕೇಳಿದ್ದು, ಈ ಚೀಲ ಮಾತ್ರ ಹೊಸದು. ಎರಡೂ ಕಿವಿ ನೆಟ್ಟಗಾದವು, ಮೂಗಿನ ಹೊಳ್ಳೆ ಅರಳಿತು, ನನ್ನ ಅಂಗೈ ಕೆಳಗೆ ಅವನ ಕುತ್ತಿಗೆ ಕಲ್ಲಾಯಿತು.

"ಹೊಡೆಯಬೇಡ, ಎಳೆಯಬೇಡ. ಲಗಾಮು ಸಡಿಲ ಬಿಡು, ತಲೆ ತಗ್ಗಿಸಿ ನೋಡಲಿ" ಎಂದರು ಮುಂದಿದ್ದ ಚಾಚಾ.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಅದಕ್ಕೆ ಸುತ್ತಲೆಲ್ಲ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಲಗಾಮು ಬಿಗಿದರೆ ನೋಡುವ ದಾರಿಯನ್ನೂ ನಾವೇ ಮುಚ್ಚಿದಂತೆ. ಚಾಚಾ ಚಾಂದನಿಯನ್ನು ಆ ಚೀಲದ ಪಕ್ಕಕ್ಕೇ ಒಯ್ದು ನಿಲ್ಲಿಸಿದರು. ಬ್ಯಾಂಡು, ಪಟಾಕಿ, ಕುಣಿಯುವ ಹುಡುಗರ ನಡುವೆ ಎಷ್ಟೋ ಮದುಮಕ್ಕಳನ್ನು ಹೊತ್ತು ಹಣ್ಣಾದ ಕುದುರೆ ಅದು. ಒಂದು ಹಿಂಗಾಲು ಸಡಿಲಿಸಿ ಅರೆನಿದ್ದೆಯಲ್ಲಿರುವಂತೆ ನಿಂತಿತು. ರಾಜಾ ಅವಳನ್ನೇ ನೋಡಿದ. ಒಂದು ಕಿವಿ ನನ್ನ ಕಡೆ ಹೊರಳಿತು. ಆಮೇಲೆ ಜೋರಾಗಿ ಉಸಿರು ಬಿಟ್ಟು, ಬಾಯಿ ಮೆಲುಕುತ್ತ, ಒಂದೊಂದೇ ಹೆಜ್ಜೆ ಇಟ್ಟು ದಾಟಿದ. ನನ್ನ ಕಣ್ಣು ತುಂಬಿ ಬಂತು.

ಹಿಂದೆ ಮೂರನೆಯ ಕುದುರೆ ಮುನ್ನಾನ ಮೇಲೆ ಚಾಚಾನ ಮಗ. ಒಂದು ಕುದುರೆಯಷ್ಟು ಅಂತರ ಬಿಡಲು ಮತ್ತೆ ಮತ್ತೆ ಹೇಳಬೇಕಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಬಂದಾಗಲೆಲ್ಲ ತೊಗರಿ ಹೊಲದ ಬದುವಿಗೆ ಸರಿದು ಕುದುರೆಗಳ ಮುಖವನ್ನು ರಸ್ತೆಯ ಕಡೆ ತಿರುಗಿಸಿ ನಿಂತೆವು. ವಾಪಸು ಬರುವಾಗ ನಡಿಗೆಯೇ, ಓಟವಿಲ್ಲ. ಮನೆಯ ಕಡೆ ಮುಖ ಮಾಡಿದ ಹೊಸ ಕುದುರೆಗೆ ಒಮ್ಮೆ ಓಟದ ರುಚಿ ಹತ್ತಿದರೆ ಮುಂದೆ ಲಗಾಮಿಗೆ ಬಗ್ಗುವುದು ಕಷ್ಟ.

15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಸಮುದ್ರದ ಮೇಲೆ ಒಂದು ಗಂಡು ಕುದುರೆಯನ್ನು ತಂದು ಕೊನೆಗೆ ಮಾರಿದ್ದು ಇದೇ ಬೀದರಿನಲ್ಲಿ. ಹಡಗು, ಘಟ್ಟ, ಮಳೆಗಾಲ ಎಲ್ಲವನ್ನೂ ಆ ಪ್ರಾಣಿ ದಾಟಿ ಬಂದಿತ್ತು. ಅದರ ಹೆದರಿಕೆಯನ್ನು ದಾರಿಯುದ್ದಕ್ಕೂ ಯಾರೋ ತಾಳ್ಮೆಯಿಂದ ಸಂಭಾಳಿಸಿರಬೇಕು.

ಲಾಯದಲ್ಲಿ ಜೀನು ಇಳಿಸುವಾಗ ಮಗ ಮಾತು ತೆಗೆದ. ಈ ವಾರ ನಾಂದೇಡ ಜಿಲ್ಲೆಯ ಮಾಳೇಗಾವದಲ್ಲಿ ಜಾನುವಾರು ಜಾತ್ರೆ. ಚಾಂದನಿಯನ್ನು ಒಯ್ದು ಮಾರುತ್ತಾನಂತೆ. ಧನುರ್ಮಾಸ ಬಂತು, ಲಗ್ನಗಳಿಲ್ಲ, ಕೂತು ತಿನ್ನುವ ಕುದುರೆ ಯಾಕೆ ಎಂಬುದು ಅವನ ವಾದ. ಫೆಬ್ರುವರಿಯ ಮೆರವಣಿಗೆಗಳಿಗೆ ರಾಜಾ ಸಾಕಂತೆ, ನೋಡಲೂ ಚೆಂದ.

"ಚೀಲಕ್ಕೆ ನಿಂತವನು ಪಟಾಕಿಗೆ ನಿಲ್ಲುತ್ತಾನೆಯೇ?" ಎಂದೆ.

"ರೂಢಿಯಾಗುತ್ತದೆ ಬಿಡಿ ಅಕ್ಕಾ."

ಚಾಚಾ ಮಾತಾಡಲಿಲ್ಲ, ಚಾಂದನಿಯ ಗೊರಸಿನಲ್ಲಿ ಸಿಕ್ಕ ಕಲ್ಲನ್ನು ಕೆರೆದು ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಬೇಟಾ, ಎರಡು ಹೊಸ ಕುದುರೆಗಳಷ್ಟೇ ಹೊರಗೆ ಹೋದರೆ ಒಂದರ ಹೆದರಿಕೆ ಇನ್ನೊಂದಕ್ಕೆ ಹತ್ತುತ್ತದೆ. ಹಳೆಯದು ಮುಂದೆ ಇರಬೇಕು" ಎಂದರು. ನನಗೆ ಹೇಳಿದರೋ ಮಗನಿಗೋ ತಿಳಿಯಲಿಲ್ಲ. ಮಗ ಬಕೆಟ್ ಎತ್ತಿಕೊಂಡು ಹೊರಗೆ ಹೋದ.

ಸಿಟ್ಟು ಇನ್ನೂ ಇಳಿದಿಲ್ಲ. ಮೆರವಣಿಗೆಯ ಗದ್ದಲದಲ್ಲಿ ಬೆದರಿದ ಕುದುರೆ ಎಂದರೆ ಬೆನ್ನ ಮೇಲೆ ಮದುಮಗ, ಕಾಲ ಬುಡದಲ್ಲಿ ಮಕ್ಕಳು. ಅವನಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಸಾಲವೂ ಇದೆ.

ಮಂಗಳವಾರ ಗಾಡಿ ಬರುತ್ತದಂತೆ. ನಾಳೆ ಅವನೊಬ್ಬನನ್ನೇ ಕಂಡು ಮಾತಾಡುತ್ತೇನೆ. ಬೇಸಿಗೆ ಮುಗಿಯುವವರೆಗೆ ಚಾಂದನಿಯ ಮೇವು ನನ್ನದು ಎಂದರೆ ಒಪ್ಪಿಯಾನು. ಜೋಳದ ಕಣಕಿ, ಹುಲ್ಲು, ಕಡಲೆ, ಲಾಳ ಕಟ್ಟಿಸುವುದು... ತಿಂಗಳಿಗೆ ಎಷ್ಟಾಗುತ್ತದೆ ಎಂದು ಚಾಚಾನನ್ನೇ ಕೇಳಬೇಕು, ಆದರೆ ಕೇಳಿದರೆ ಅವರು ದುಡ್ಡಿನ ಮಾತು ಬೇಡವೇ ಬೇಡ ಎಂದಾರು.