ಡಿಕ್ಕಿಗೊಂದು ಗಾಳಿ ಮಿಷನ್

13 ಜುಲೈ 2025, ಭಾನುವಾರ, ರಾತ್ರಿ 9.30
ಸಕಲೇಶಪುರ

ಇವತ್ತು ಇಡೀ ದಿನ ಗಾಳಿ ಮಿಷನ್‌ನದ್ದೇ, ಅಂದರೆ ಕಾರಿನ ಟೈರಿಗೆ ಗಾಳಿ ತುಂಬುವ ಪುಟ್ಟ ಮಿಷನ್‌ನದ್ದೇ ಕೆಲಸ. ಮಧ್ಯಾಹ್ನ ಎರಡು ಗಂಟೆ ಹೊತ್ತು ಮಳೆ ಹೊಳವಾಗಿತ್ತು. ಆಗ ಒಂದು ಸಲ ಎಲ್ಲ ಟೈರು ನೋಡಿದೆವು. ಕತ್ತಲಾದ ಮೇಲೆ ಬೇಕಂತಲೇ ಇನ್ನೊಂದು ಸಲ ನೋಡಿದೆವು. ಅದು ಅಪ್ಪನ ಹಟ. ಯಾಕೆ ಅಂತ ಬರೆಯಬೇಕಾದರೆ ಜೂನ್ 24ರಿಂದ ಶುರು ಮಾಡಬೇಕು.

ಅವತ್ತು ಮಂಗಳವಾರ. ಶಾಲೆ ಮುಗಿಸಿ ಹಾನುಬಾಳು ಕಡೆಯಿಂದ ಬರುತ್ತಿದ್ದೆ. ಇನ್ನೂ ಐದೂಮುಕ್ಕಾಲು, ಆದರೆ ಜಡಿಮಳೆಗೆ ಆಗಲೇ ಕತ್ತಲು ಕವಿದಿತ್ತು. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ತೂಗಿದಂತಾಯಿತು. ಇಳಿದು ನೋಡಿದರೆ ಎಡ ಹಿಂದಿನ ಟೈರು ಅರ್ಧಕ್ಕರ್ಧ ಕೂತಿದೆ. ಜಾಕ್ ಏರಿಸುವ ಮೊದಲೇ ನಟ್ಟು ಸಡಿಲ ಮಾಡಿಕೊಳ್ಳಬೇಕು ಅಂತ ಅಪ್ಪ ಕಲಿಸಿದ್ದರು. ಪಾನಾ ಮೇಲೆ ಹತ್ತಿ ನಿಂತೆ. ಒಂದು ನಟ್ಟೂ ಅಲ್ಲಾಡಲಿಲ್ಲ. ಹಿಂದೆ ಯಾವುದೋ ಅಂಗಡಿಯಲ್ಲಿ ನಟ್ಟು ಬಿಗಿಯುವ ಗನ್ ಹಾಕಿ ಬಿಗಿದಿದ್ದರು. ಫೋನಿಗೆ ನೆಟ್‌ವರ್ಕ್ ಇಲ್ಲ.

ಇಪ್ಪತ್ತು ನಿಮಿಷ ಕಳೆದು ಒಂದು ಎಸ್ಟೇಟ್ ಜೀಪ್ ಬಂತು. ಅದರಲ್ಲಿದ್ದ ಇಬ್ಬರು ಸೇರಿ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿಕೊಟ್ಟರು. ಜಾಕ್ ಇಳಿಸಿದರೆ ಸ್ಟೆಪ್ನಿಯೂ ಕೂತಿತು. ಎಷ್ಟು ತಿಂಗಳಿಂದ ಅದಕ್ಕೆ ಗಾಳಿ ನೋಡಿಸಿಲ್ಲವೋ! ಊರಿನವರೆಗೆ ಇಪ್ಪತ್ತರ ವೇಗದಲ್ಲಿ ತೆವಳಿಕೊಂಡು ಬಂದೆ. ಪಂಚರ್ ಅಂಗಡಿಯಲ್ಲಿ ನೋಡಿದಾಗ ಸ್ಟೆಪ್ನಿಯಲ್ಲಿ ಬರೀ 14 ಪಿಎಸ್‌ಐ ಇತ್ತು. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ, ಇರಬೇಕಾದದ್ದು 33.

ಅಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಬಸ್ ಓಡಿಸಿದವರು, ಅದರಲ್ಲಿ ಹೆಚ್ಚಿನದು ಶಿರಾಡಿ ಘಾಟಿಯಲ್ಲಿ. ಬೆಳಗ್ಗೆ ಬಸ್ ತೆಗೆಯುವ ಮುಂಚೆ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ತಟ್ಟುತ್ತಿದ್ದರು. ಜೋಡಿ ಟೈರಿನಲ್ಲಿ ಒಳಗಿನದು ಕೂತಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸದ್ದು ಹೇಳುತ್ತೆ. ಗಾಳಿ ತುಂಬಿದ ಟೈರು ಟಣ್ ಅಂತ ರಾಡನ್ನು ವಾಪಸ್ ಚಿಮ್ಮಿಸುತ್ತೆ, ಕೂತಿದ್ದರೆ ದಪ್ ಅನ್ನುತ್ತೆ. ಅಂಥವರು ಆ ರಾತ್ರಿ ನನ್ನನ್ನು ಬೈಯಲಿಲ್ಲ. ಊಟ ಮಾಡುತ್ತಾ ಇಷ್ಟೇ ಅಂದರು: "ಪುಟ್ಟಿ, ಮುಂದಿನ ಸಲ ಜೀಪ್ ಬರದೇ ಹೋದ್ರೆ? ನೀನೊಬ್ಳೇ, ಕತ್ತಲಲ್ಲಿ, ಮಳೆಯಲ್ಲಿ ಮಾಡೋಕಾಗುವಂಥದ್ದು ಏನಿದೆ, ಅದನ್ನ ನೋಡು."

ಆ ಮಾತನ್ನೇ ಹಿಡಿದುಕೊಂಡು ಹೆಚ್ಚುಕಮ್ಮಿ ಮೂರು ವಾರ ಗಾಳಿ ಮಿಷನ್ ಹುಡುಕಿದೆ. ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟೈರಿನಲ್ಲಿ ಸಾಮಾನ್ಯವಾಗಿ ಗಾಳಿ ನಿಧಾನಕ್ಕೆ ಇಳಿಯುತ್ತೆ. ಮೊಳೆ ಕೀಳದೆ ಹಾಗೇ ಬಿಟ್ಟು ಗಾಳಿ ತುಂಬಿದರೆ ಹತ್ತಿರದ ಪಂಚರ್ ಅಂಗಡಿವರೆಗೆ ಹೋಗಬಹುದು. ಅವತ್ತು ಮಿಷನ್ ಇದ್ದಿದ್ದರೆ ನಾನು ನಟ್ಟು ಮುಟ್ಟಬೇಕಾಗಿಯೇ ಇರಲಿಲ್ಲ.

ಡಬ್ಬಿ ಮೇಲೆ ಎಲ್ಲರೂ ದೊಡ್ಡದಾಗಿ ಬರೆಯುವುದು 150 ಪಿಎಸ್‌ಐ ಅಂತ. ಮೊದಲು ನಾನೂ ಅದನ್ನೇ ನೋಡುತ್ತಿದ್ದೆ. ಕಾರಿಗೆ ಬೇಕಾಗಿರುವುದು 33. 150 ಕಟ್ಟಿಕೊಂಡು ನನಗೇನಾಗಬೇಕು? ನೋಡಬೇಕಾದ ಅಂಕಿ ಒಳಗೆ ಸಣ್ಣ ಅಕ್ಷರದಲ್ಲಿರುತ್ತೆ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಅನ್ನುವುದು. ನನ್ನದು 165/80 ಆರ್14 ಅಳತೆಯ ಟೈರು. ಅದರ ಒಳಗೆ ಸುಮಾರು 27 ಲೀಟರ್ ಜಾಗ. ಪೂರ್ತಿ ಕೂತ ಟೈರನ್ನು 33ಕ್ಕೆ ತರಲು 60 ಲೀಟರ್‌ಗೂ ಜಾಸ್ತಿ ಹೊರಗಿನ ಗಾಳಿ ಒಳಗೆ ತುಂಬಬೇಕು. ನಿಮಿಷಕ್ಕೆ 12 ಲೀಟರ್‌ನ ಪುಟಾಣಿ ಮಿಷನ್‌ಗೆ ಲೆಕ್ಕದಲ್ಲೇ ಐದು ನಿಮಿಷ. ಒತ್ತಡ ಏರಿದ ಹಾಗೆ ಗಾಳಿ ಕಡಿಮೆ ಹೋಗುತ್ತೆ, ಹಾಗಾಗಿ ನಿಜಕ್ಕೂ ಇನ್ನೂ ಜಾಸ್ತಿ ಹೊತ್ತು. ಇಂಥವಕ್ಕೆ ಹತ್ತು ನಿಮಿಷ ಓಡಿದ ಮೇಲೆ ಅಷ್ಟೇ ಹೊತ್ತು ವಿರಾಮ ಕೊಡಬೇಕು ಅಂತ ಪುಸ್ತಕದಲ್ಲೇ ಬರೆದಿರುತ್ತೆ. ಬೈಕಿಗೆ, ಸ್ಕೂಟರಿಗೆ ಅದು ಸಾಕು. ಕಾರಿಗೆ ನಿಮಿಷಕ್ಕೆ 30 ಲೀಟರ್ ಆಸುಪಾಸು ಇರಲಿ ಅಂತ ತೀರ್ಮಾನ ಮಾಡಿದೆ.

ಇನ್ನು ಬ್ಯಾಟರಿಯದ್ದೋ, ವೈರಿನದ್ದೋ? ಇದಕ್ಕೇ ಜಾಸ್ತಿ ತಲೆ ಕೆಡಿಸಿಕೊಂಡೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹತ್ತಿರ ಬ್ಯಾಟರಿಯದ್ದಿದೆ. ಒಂದು ದಿನ ಕೊಟ್ಟಿದ್ದರು. ನೀರಿನ ಬಾಟಲಿಯಷ್ಟೇ ಗಾತ್ರ, ಕೈಯಲ್ಲಿ ಹಿಡಿದು ಯಾವ ಚಕ್ರದ ಹತ್ತಿರ ಬೇಕಾದರೂ ಹೋಗಬಹುದು. ತುಂಬಾ ಹಿಡಿಸಿತು. ಆದರೆ ನಾನು ಅದನ್ನು ದಿನಾ ಬಳಸುವವಳಲ್ಲ. ನಾಲ್ಕು ತಿಂಗಳು ಡಿಕ್ಕಿಯಲ್ಲಿ ಮಲಗಿದ್ದು, ಬೇಕಾದ ದಿನ ಚಾರ್ಜ್ ಇಲ್ಲ ಅಂದರೆ? ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ನಿಧಾನಕ್ಕೆ ಇಳಿಯುತ್ತೆ, ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನ ಕಾವು ಅದಕ್ಕೆ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ತಪ್ಪದೆ ಚಾರ್ಜ್ ಹಾಕುವ ಶಿಸ್ತು ಇರುವವರಿಗೆ ಅದೇ ಸರಿ. ಸ್ಕೂಟರ್ ಇರುವವರಿಗಂತೂ ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ನನಗೆ ಕಾರಿನ 12 ವೋಲ್ಟ್ ಸಾಕೆಟ್‌ನಿಂದ ಓಡುವುದೇ ವಾಸಿ ಅನ್ನಿಸಿತು. ಇಂಜಿನ್ ಓಡುತ್ತಿದ್ದರೆ ಮಿಷನ್ನೂ ಓಡುತ್ತೆ.

ವೈರಿನದ್ದಕ್ಕೆ ಎರಡು ಪರೀಕ್ಷೆ. ಮೊದಲನೆಯದು ಸಾಕೆಟ್. ನನ್ನ ಕಾರಿನ ಸಾಕೆಟ್ ಮುಚ್ಚಳದ ಮೇಲೆ 120 ವ್ಯಾಟ್ ಅಂತ ಇದೆ, ಅಂದರೆ 10 ಆಂಪ್ಸ್. ಅದಕ್ಕಿಂತ ಜಾಸ್ತಿ ಎಳೆಯುವ ದೊಡ್ಡ ಮಿಷನ್ ಹಾಕಿದರೆ ಫ್ಯೂಸ್ ಹೋಗುತ್ತೆ. ದೊಡ್ಡವನ್ನು ಬಾನೆಟ್ ತೆಗೆದು ನೇರ ಬ್ಯಾಟರಿಗೇ ಕ್ಲಿಪ್ ಹಾಕಿ ಓಡಿಸಬೇಕು. ಮಳೆಯಲ್ಲಿ ಬಾನೆಟ್ ತೆಗೆಯುವುದು ಬೇಡವೇ ಬೇಡ.

ಎರಡನೆಯದು ಅಪ್ಪನ ಹಗ್ಗದ ಪರೀಕ್ಷೆ. ಬಟ್ಟೆ ಒಣಹಾಕುವ ಹಗ್ಗ ತಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಸಾಕೆಟ್ ಹತ್ತಿರ ಹಿಡಿಸಿದರು. ಎಡ ಬಾಗಿಲಿನಿಂದ ಹೊರಗೆ ಎಳೆದು ಎಡ ಹಿಂದಿನ ಚಕ್ರದವರೆಗೆ ಹೋದರು. ವಾಲ್ವ್ ಮೇಲೆ ಬಂದು ನಿಂತರೆ ಎಷ್ಟು, ಕೆಳಗೆ ನಿಂತರೆ ಎಷ್ಟು ಅಂತ ನೋಡಿ ಗಂಟು ಹಾಕಿದರು. ಬಲಕ್ಕೂ ಹಾಗೇ. ಆಮೇಲೆ ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಸೀಟುಗಳ ನಡುವಿನಿಂದ. ಎಲ್ಲಕ್ಕಿಂತ ಉದ್ದದ ಗಂಟು ಮೂರೂಕಾಲು ಮೀಟರ್‌ಗೆ ಬಂತು. ಮೂರು ಮೀಟರ್ ವೈರು, ಅರ್ಧ ಮೀಟರ್ ಪೈಪು ಇದ್ದರೆ ಮುಟ್ಟುತ್ತೆ. ಎಷ್ಟೋ ಮಿಷನ್‌ಗಳ ವೈರು ಅದಕ್ಕಿಂತ ಗಿಡ್ಡ!

ಜುಲೈ ಮೊದಲ ವಾರ ಆನ್‌ಲೈನ್‌ನಲ್ಲಿ ಒಂದು ತರಿಸಿದೆ. ಅಪ್ಪನ ಹಳೇ ಮುಳ್ಳಿನ ಗೇಜ್ ಪಕ್ಕಕ್ಕಿಟ್ಟು ನೋಡಿದರೆ, ಮಿಷನ್ 33 ತೋರಿಸಿ ತಾನೇ ನಿಂತಾಗ ಟೈರಿನಲ್ಲಿ ಇದ್ದದ್ದು 29. ಮೂರು ಸಲ ನೋಡಿದೆವು, ಮೂರು ಸಲವೂ ಹಾಗೇ. ಗಾಳಿ ಹೋಗುತ್ತಿರುವಾಗ ಪೈಪಿನಲ್ಲಿ ಒತ್ತಡ ಸ್ವಲ್ಪ ಜಾಸ್ತಿ ತೋರಿಸುವುದು ಸಹಜ, ನಿಂತ ಮೇಲೆ ಸರಿಯಾಗಬೇಕು. ಇದು ಆಗಲಿಲ್ಲ. ವಾಪಸ್ ಕಳಿಸಿದೆ. ತಾನೇ ನಿಲ್ಲುವ ಸೌಕರ್ಯವನ್ನು ನಂಬಿಯೇ ನಾವು ಪಕ್ಕಕ್ಕೆ ಹೋಗಿ ನಿಲ್ಲುವುದು, ಅಲ್ವಾ? ಅಳತೆಯೇ ತಪ್ಪಾದರೆ ಅದರಿಂದ ಏನು ಪ್ರಯೋಜನ?

ನಿನ್ನೆ ಹಾಸನಕ್ಕೆ ಹೋಗಿ ಬಿ.ಎಂ. ರಸ್ತೆಯ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಅಲ್ಲೇ ಹಚ್ಚಿ ನೋಡಿ ತಂದೆವು. ಗೇಜಿಗೂ ಇದಕ್ಕೂ ಒಂದೇ ಒಂದು ಪಿಎಸ್‌ಐ ವ್ಯತ್ಯಾಸ. ₹2,400 ಆಯಿತು. ತಿರುಗಿಸಿ ಕೂರಿಸುವ ನಾಜಲ್. ಒತ್ತಿ ಲಾಕ್ ಮಾಡುವುದು ಬೇಗ ಆಗುತ್ತೆ ನಿಜ, ಆದರೆ ತಿರುಗಿಸಿದ್ದು ಕೈ ಬಿಟ್ಟರೂ ಕಳಚುವುದಿಲ್ಲ. ಬಿಚ್ಚುವಾಗ ಮಾತ್ರ ತಡ ಮಾಡಬಾರದು, ಸುಯ್ ಅಂತ ಒಂದಿಷ್ಟು ಗಾಳಿ ಹೋಗಿಬಿಡುತ್ತೆ. ಅದಕ್ಕೇ 34ಕ್ಕೆ ಹಾಕಿ ಬಿಚ್ಚಿದರೆ 33 ಉಳಿಯುತ್ತೆ.

ಸ್ಟೆಪ್ನಿ ಇನ್ನು ಬೇಡವಾ ಅಂತ ತಮ್ಮ ಫೋನಿನಲ್ಲಿ ಕೇಳಿದ. ಅವನ ಸ್ನೇಹಿತನ ಹೊಸ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲವಂತೆ. ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. 2020ರ ಅಕ್ಟೋಬರ್ 1ರಿಂದ, ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ, ಪಂಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ನಮ್ಮ ರಸ್ತೆಗಳ ಗುಂಡಿಯಂಚು ಟೈರಿನ ಪಕ್ಕೆಯನ್ನೇ ಸೀಳುತ್ತೆ. ಸೀಳಿದ್ದಕ್ಕೆ, ರಿಮ್‌ನಿಂದ ಕಳಚಿದ್ದಕ್ಕೆ ಈ ಸಣ್ಣ ಮಿಷನ್ ಏನೂ ಮಾಡಲಾರದು. ನನ್ನ ಸ್ಟೆಪ್ನಿ ಇದ್ದಲ್ಲೇ ಇರಲಿ. ನಟ್ಟುಗಳನ್ನೂ ಎಲ್ಲ ಒಮ್ಮೆ ಸಡಿಲಿಸಿ, ನಾನೊಬ್ಬಳೇ ಪಾನಾ ಹಾಕಿ ತೆಗೆಯಲು ಬರುವಷ್ಟು ಹದಕ್ಕೆ ಬಿಗಿಸಿಕೊಂಡು ಬಂದಿದ್ದೇನೆ.

ಏಳೂವರೆಗೆ ಅಪ್ಪ ಹೊರಗಿನ ಲೈಟ್ ಆರಿಸಿದರು. ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತು, "ಈಗ ಮಾಡು, ನಾನು ಇಲ್ಲ ಅಂದ್ಕೋ" ಅಂದರು. ಎಡ ಹಿಂದಿನ ಟೈರಿನ ಗಾಳಿಯನ್ನು 15ಕ್ಕೆ ಇಳಿಸಿಟ್ಟಿದ್ದರು. ಇಂಜಿನ್ ಶುರು ಮಾಡಿದೆ, ಪ್ಲಗ್ ಹಾಕಿದೆ, ವೈರು ಎಳೆದೆ. ಮಿಷನ್‌ನದ್ದೇ ಬೆಳಕಿನಲ್ಲಿ ವಾಲ್ವ್ ಹುಡುಕಿದೆ. ಕೆಸರು ಹಿಡಿದ ಮುಚ್ಚಳ ಒದ್ದೆ ಬೆರಳಿಗೆ ಜಾರುತ್ತಿತ್ತು. ಸೆರಗಿನಿಂದ ಹಿಡಿದು ತಿರುಗಿಸಿದ ಮೇಲೆ ಬಂತು. 34ಕ್ಕೆ ಮುಟ್ಟಿ ತಾನೇ ನಿಂತಾಗ ಮೊಬೈಲಿನಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡ್. ಹಿತ್ತಾಳೆ ನಾಜಲ್ ಮುಟ್ಟಿದರೆ ಚುರ್ ಅಂತು. ಅಪ್ಪ ಒಳಗಿಂದ ಹಳೇ ಟವೆಲ್ ತುಂಡು ತಂದು ಮಿಷನ್ ಚೀಲಕ್ಕೆ ತುರುಕಿದರು.

ಆಮೇಲೆ ಒಂದೊಂದಾಗಿ ಹೇಳಿದರು. ಗಾಳಿ ನೋಡುವುದು ಬೆಳಗ್ಗೆ ಕಾರು ತೆಗೆಯುವ ಮೊದಲು, ಟೈರು ತಣ್ಣಗಿದ್ದಾಗ. ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಟೈರು ಬಿಸಿಯಾಗಿ ಮೂರ್ನಾಲ್ಕು ಪಿಎಸ್‌ಐ ಏರಿರುತ್ತೆ, ಜಾಸ್ತಿ ಆಯ್ತು ಅಂತ ಅಲ್ಲಿ ಗಾಳಿ ಬಿಡಬಾರದು, ತಣ್ಣಗಾದ ಮೇಲೆ ಕಡಿಮೆ ಬೀಳುತ್ತೆ. ಸ್ಟೆಪ್ನಿಗೆ ಯಾವಾಗಲೂ ಎರಡು ಜಾಸ್ತಿ. ಈಗ ಅದರಲ್ಲಿ 35 ಇದೆ.

ಮಿಷನ್ನನ್ನು ಡಿಕ್ಕಿಯ ತಳದಲ್ಲಿ ಹುಗಿಯದೆ ಎಡ ಸೀಟಿನ ಕೆಳಗೆ ಇಟ್ಟಿದ್ದೇನೆ, ಜೊತೆಗೆ ತ್ರಿಕೋನದ ಎಚ್ಚರಿಕೆ ಫಲಕ. ನಾಳೆ ಏಳೂಮುಕ್ಕಾಲಿಗೆ ಹೊರಡಬೇಕು. ಅದಕ್ಕೆ ಮೊದಲು ಎಡ ಹಿಂದಿನದನ್ನು ಇನ್ನೊಮ್ಮೆ ನೋಡಬೇಕು, ಪಂಚರ್ ಹಾಕಿಸಿದ್ದು ಅದಕ್ಕೇ.