ಸುಣ್ಣ ಸಲ್ಲುವ ಜಾಗ

ಅಡಿಕೆಗೆ ಮದ್ದು ಹೊಡೆಯುವ ದಿನ ಕೊನೆಗಾರನ ಕುತ್ತಿಗೆಯ ಹಿಂಭಾಗಕ್ಕೆ ತುಡುವೆ ಜೇನೊಂದು ಚುಚ್ಚಿದ್ದು ದೊಡ್ಡ ಸಂಗತಿಯಲ್ಲ. ಆದರೆ ಆತ ಮರದಿಂದ ಇಳಿದ ಮೇಲೆ ನಡೆದ ವಾದ ಮಾತ್ರ ಈ ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ.

ಸುಣ್ಣದ ಬಕೆಟ್ಟಿನ ಪಕ್ಕದಲ್ಲೇ ನಿಂತಿದ್ದ ಭಾವ, ಎರಡು ಬೆರಳಲ್ಲಿ ಸುಣ್ಣ ತೆಗೆದುಕೊಂಡು ಹಚ್ಚಲು ಹೊರಟರು. ಹತ್ತನೆಯ ತರಗತಿಯ ಮಗಳು ಅಡ್ಡ ಬಂದಳು. "ಅಪ್ಪಾ, ಸುಣ್ಣ ಬೇಡ, ಅಡುಗೆ ಸೋಡಾ ಹಚ್ಚಬೇಕು. ಜೇನಿನ ವಿಷ ಆಮ್ಲ. ಕಣಜ ಆಗಿದ್ರೆ ಕ್ಷಾರ, ಅದಕ್ಕೆ ವಿನೆಗರ್."

"ಸುಣ್ಣ, ಸೋಡಾ ಎರಡೂ ಕ್ಷಾರವೇ ಅಲ್ವನೇ?"

"ಹೆಗಡೇರೇ, ಮುಳ್ಳು ಮೊದ್ಲು ತೆಗೀರಿ."

ಕೊನೆಯ ಮಾತು ಕೊನೆಗಾರನದು. ಆತ ಅದನ್ನು ಮತ್ತೆ ಮತ್ತೆ ಹೇಳಿದರೂ ಅಪ್ಪ–ಮಗಳು ಸುಣ್ಣ ಹೆಚ್ಚೋ ಸೋಡಾ ಹೆಚ್ಚೋ ಎಂಬ ತೀರ್ಮಾನದಲ್ಲೇ ಇದ್ದರು. ಕೊನೆಗೆ ಅಕ್ಕ ಬಂದು ಉಗುರಿನಿಂದ ಕಿತ್ತಳು. ಸಾಸಿವೆಗಿಂತ ಸಣ್ಣದಾದ ಆ ಬಿಳಿಚಿದ ಚೀಲ ಅವಳ ಉಗುರಿನ ತುದಿಯಲ್ಲೂ ಮಿಡಿಯುತ್ತಿತ್ತು.

ಜೇನಿನ ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿರುವುದರಿಂದ ಅದು ವಿಷದ ಚೀಲದ ಸಮೇತ ಚರ್ಮದಲ್ಲೇ ಉಳಿದು, ಜೇನು ಹಾರಿಹೋದ ಮೇಲೂ ವಿಷ ಒತ್ತುತ್ತಲೇ ಇರುತ್ತದೆ; ಹೆಚ್ಚಿನ ಪಾಲು ಮೊದಲ 20 ಸೆಕೆಂಡುಗಳಲ್ಲೇ ಒಳಗೆ ಸೇರುತ್ತದೆ. ಮುಳ್ಳನ್ನು ಚಿವುಟಿ ತೆಗೆದರೂ ಕೆರೆದು ತೆಗೆದರೂ ವ್ಯತ್ಯಾಸವಿಲ್ಲ, ತಡಮಾಡಿದರೆ ಮಾತ್ರ ಬಾವು ಹೆಚ್ಚುತ್ತದೆ ಎಂದು 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತ್ತು. ಕೊನೆಗಾರ ಆ ಪತ್ರಿಕೆ ಓದಿದವನಲ್ಲ, ಆದರೆ ಅಲ್ಲಿದ್ದವರಲ್ಲಿ ವಿಷಯ ತಿಳಿದಿದ್ದವನು ಅವನೇ.

ಜೇನಿನ ವಿಷ ತುಸು ಆಮ್ಲೀಯ ಎಂಬುದು ಸುಳ್ಳಲ್ಲ. ಆದರೆ ಉರಿ ಹುಟ್ಟುವುದು ಮುಖ್ಯವಾಗಿ ಆ ಆಮ್ಲದಿಂದಲ್ಲ. ಒಣ ವಿಷದ ಅರ್ಧದಷ್ಟು ಮೆಲಿಟಿನ್ ಎಂಬ, 26 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನು. ಅದು ಜೀವಕೋಶಗಳ ಪೊರೆಯನ್ನೇ ಒಡೆಯುತ್ತದೆ, ಜೊತೆಗಿರುವ ಫಾಸ್ಫೋಲಿಪೇಸ್ ಎಂಬ ಕಿಣ್ವ ಅದಕ್ಕೆ ಕೈಜೋಡಿಸುತ್ತದೆ. ಚರ್ಮದ ಒಳಗೆ ಸೇರಿಹೋದ ಇಂಥ ವಿಷವನ್ನು ಮೇಲೆ ಸವರಿದ ಸೋಡಾ ಮುಟ್ಟುವುದೂ ಇಲ್ಲ, ಮುಟ್ಟಿದರೂ ಪೆಪ್ಟೈಡ್ ತಟಸ್ಥವಾಗುವುದಿಲ್ಲ. ಇನ್ನು ಕಣಜದ ವಿಷವಂತೂ ಹೆಚ್ಚುಕಡಿಮೆ ತಟಸ್ಥವೇ ಆಗಿರುವುದರಿಂದ ವಿನೆಗರಿಗೆ ಅಲ್ಲಿ ಕೆಲಸವೇ ಇಲ್ಲ. ಜೇನಿನ ಉರಿಗೆ ಫಾರ್ಮಿಕ್ ಆಮ್ಲ ಕಾರಣ ಎನ್ನುವವರೂ ಇದ್ದಾರೆ; ಆ ಮಾತು ನಿಜವಾಗಿ ಒಪ್ಪುವುದು ಕಚ್ಚಿದ ಗಾಯಕ್ಕೆ ಆಮ್ಲ ಚಿಮ್ಮಿಸುವ ನಮ್ಮ ಚಗಳಿಯಂಥ ಇರುವೆಗಳಿಗೆ. ಭಾವನ ಸುಣ್ಣವಾದರೋ ಕಟು ಕ್ಷಾರ, 12ಕ್ಕಿಂತ ಮೇಲಿನ ಪಿಎಚ್‌ನದು. ಬಹಳ ಹೊತ್ತು ಬಿಟ್ಟರೆ ಚರ್ಮವನ್ನೇ ಸುಡಬಲ್ಲದು.

ವಿಚಿತ್ರವೆಂದರೆ ತಟಸ್ಥೀಕರಣವನ್ನು ಭಾವನಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕದ ಅಡಿಕೆಯ ಮದ್ದಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, ಅವರು ಉಜ್ಜಿ ಹೊಳಪಿಸಿದ ಕತ್ತಿಯ ತುದಿ ಅದ್ದಿ, ಮೇಲೆತ್ತಿ, ಬಿಸಿಲಿಗೆ ಹಿಡಿದು ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಕೂತರೆ ದ್ರಾವಣ ಇನ್ನೂ ಆಮ್ಲೀಯ, ಎಳೆಗಾಯಿ ಸುಡುತ್ತದೆ; ಕೆಂಪು ನಿಲ್ಲುವ ತನಕ ಸುಣ್ಣದ ತಿಳಿ ಸುರಿಯುತ್ತಾರೆ. ಆಮ್ಲವೂ ಕ್ಷಾರವೂ ಒಂದೇ ಪೀಪಾಯಿಯಲ್ಲಿ ಸೇರುವ ಈ ಜಾಗದಲ್ಲಿ ಸುಣ್ಣದ ಲೆಕ್ಕ ತಪ್ಪುವುದಿಲ್ಲ. ಮಗಳ ಪುಸ್ತಕಕ್ಕೆ ಉದಾಹರಣೆ ಬೇಕಿದ್ದರೆ ಮನೆಯಂಗಳದಲ್ಲೇ ಇತ್ತು. ಪಠ್ಯ ಬರೆದವರಿಗೆ ಮಾತ್ರ ಜೇನೇ ಬೇಕಾಯಿತು.

ಬಾವಿನ ಮೇಲೆ ಐಸ್ ಇಟ್ಟದ್ದಷ್ಟೇ ಆ ದಿನ ಉಪಯೋಗಕ್ಕೆ ಬಂದ ಉಪಚಾರ. ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದು ತಲೆ ಸುತ್ತಿದರೆ ಅದು ಅಲರ್ಜಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಅದೂ ಕೂಡಲೇ. ಇದನ್ನೆಲ್ಲ ಅಕ್ಕನ ಮಗಳಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಸರಿ ಮಾವ, ಆದ್ರೆ ಪರೀಕ್ಷೇಲಿ ನಾನು ಸೋಡಾ ಅಂತಲೇ ಬರೀತೇನೆ" ಎಂದಳು. ಬರೆಯಲಿ, ಅಂಕವಿರುವುದು ಅದಕ್ಕೇ.