ಕಾಫಿ ಗುಂಡಿಯ ಬೇರುಗಲ್ಲು, ಲೆಸ್ವೋಸ್ ದ್ವೀಪದ ಕಲ್ಲುಮರ

ಕೊಡಗಿನ ಕಾಫಿ ತೋಟದಲ್ಲಿ ಒಂದೂವರೆ ಅಡಿ ಗುಂಡಿ ತೆಗೆಯುವಾಗ ಹಾರೆಗೆ ಬೇರಿನಂಥ, ಕೊಳವೆ ಕೊಳವೆಯಾದ ಕೆಂಗಲ್ಲು ತಾಗುತ್ತದೆ. ಫೋಟೊ ವಾಟ್ಸಾಪ್‌ಗೆ ಬಿದ್ದರೆ ಸಾಕು, ‘ಕಲ್ಲಾದ ಮರ’ ಅಂತ ಹೆಸರಾಗಿಬಿಡುತ್ತದೆ. ಅದು ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ನಮ್ಮ ಮಳೆ ಲಕ್ಷಾಂತರ ವರ್ಷ ಕಲ್ಲಿನ ಸಿಲಿಕಾ (ಮರಳು, ಬೆಣಚುಕಲ್ಲಿನಲ್ಲಿರುವ ವಸ್ತು) ತೊಳೆದುಕೊಂಡು ಹೋಗಿದೆ, ಕಬ್ಬಿಣ, ಅಲ್ಯೂಮಿನಿಯಂ ಹಿಂದೆ ಉಳಿದಿವೆ.

ಮರ ಕಲ್ಲಾಗಲು ಇದಕ್ಕೆ ತಿರುಗಾಮುರುಗಾ ನಡೆಯಬೇಕು, ಸಿಲಿಕಾ ಒಳಗೆ ಬರಬೇಕು. ಗ್ರೀಸಿನ ಲೆಸ್ವೋಸ್ ದ್ವೀಪದ ಪಶ್ಚಿಮ ಭಾಗದಲ್ಲಿ, ಸಿಗ್ರಿ ಊರಿನ ಸುತ್ತ, ಆದದ್ದು ಅದೇ. ಸುಮಾರು 2 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿ ಕಾಡನ್ನು ನಿಂತಲ್ಲೇ ಹೂತುಹಾಕಿತು. ಗಾಳಿಯಿಲ್ಲದೆ ಮರ ಕೊಳೆಯಲಿಲ್ಲ. ಬೂದಿಯ ಸಿಲಿಕಾ ಕರಗಿದ ಬಿಸಿನೀರು ಕಾಂಡದೊಳಕ್ಕೆ ಇಳಿದು ಕಣ ಕಣವಾಗಿ ಜಾಗ ತುಂಬಿತು. ಹಾಗಾಗಿ ವರ್ಷದ ಉಂಗುರ, ತೊಗಟೆ, ಬೇರು ಎಲ್ಲ ಹಾಗೇ ಇವೆ. ನಿಂತಿರುವ ಒಂದು ಕಾಂಡ 7 ಮೀಟರ್ ಎತ್ತರ, ಸುತ್ತಳತೆ ಎಂಟೂವರೆ ಮೀಟರ್. ಕೆಂಪು, ಹಳದಿ ಬಣ್ಣ ಕಬ್ಬಿಣದ್ದು, ಕಪ್ಪು ಮ್ಯಾಂಗನೀಸಿನದು. 1985ರಿಂದ ಆ ಕಲ್ಲುಕಾಡು ಸಂರಕ್ಷಿತ ಸ್ಮಾರಕ, ಒಂದು ಚಕ್ಕೆಯನ್ನೂ ಎತ್ತುವಂತಿಲ್ಲ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೂ ಜ್ವಾಲಾಮುಖಿಯದೇ ಅಲ್ಲವೇ ಅಂತ ಕೇಳುವವರಿದ್ದಾರೆ. ಹೌದು, ಆದರೆ ಅಲ್ಲಿರುವುದು ಹರಿದು ತಣಿದ ಲಾವಾದ ಕಂಬಗಳು. ಲಾವಾ ಮುಟ್ಟಿದ ಮರ ಸುಟ್ಟುಹೋಗುತ್ತದೆ. ಹೆಚ್ಚೆಂದರೆ ಅದರ ಅಚ್ಚು ಉಳಿದೀತು.

ಕೈಗೆ ಸಿಕ್ಕ ಕಲ್ಲನ್ನು ಪರೀಕ್ಷಿಸುವುದು ಸುಲಭ. ಮಣ್ಣನ್ನು ಬಿದಿರುಕಡ್ಡಿ, ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ತಂತಿ ಬ್ರಷ್ ಬೇಡ, ನೋಡಬೇಕಾದ ಮೇಲ್ಮೈಯೇ ಹೋಗುತ್ತದೆ. ಚಾಕುವಿನಿಂದ ಗೀರಿ: ಜಂಬಿಟ್ಟಿಗೆ ಪುಡಿ ಉದುರಿಸುತ್ತದೆ. ಸಿಲಿಕಾ ಆದ ಮರದ ಮೇಲೆ ಗೀರು ಬೀಳುವುದಿಲ್ಲ, ಚಾಕುವಿನ ಲೋಹವೇ ಬೂದುಗೆರೆಯಾಗಿ ಅಂಟುತ್ತದೆ. ಆಮೇಲೆ ಮುರಿದ ತುದಿಯನ್ನು ಒದ್ದೆ ಮಾಡಿ, 10 ಪಟ್ಟಿನ ಲೆನ್ಸ್‌ನಲ್ಲಿ ನೋಡಿ. ಜನ ಎಡವುವುದು ಇಲ್ಲೇ. ನಮ್ಮ ನೈಸ್ ಕಲ್ಲಿನ (ಇಲ್ಲಿನ ಪಟ್ಟೆಪಟ್ಟೆ ಬಂಡೆ) ಬಿಳಿ-ಕಪ್ಪು ಪಟ್ಟೆ ಉಂಗುರದ ಹಾಗೆ ಕಂಡರೂ ಅದಕ್ಕೆ ನಡುತಿರುಳಿಲ್ಲ, ಉದ್ದಕ್ಕೆ ಓಡುತ್ತದೆ, ಅಭ್ರಕ ಮಿನುಗುತ್ತದೆ. ಮರವಾದರೆ ಗೆರೆಗಳು ನಡುತಿರುಳನ್ನು ಬಳಸಿ ಬಾಗುತ್ತವೆ, ಸೂಜಿಮೊನೆಯಷ್ಟು ಸಣ್ಣ ಕೋಶಗಳ ಸಾಲು ಕಾಣುತ್ತದೆ. ಕೆರೆ ಹೂಳಿನ ಕರಿ ದಿಮ್ಮಿಗೆ ಸೂಜಿ ಚುಚ್ಚಿಕೊಂಡರೆ ಅದಿನ್ನೂ ಮರವೇ.

ಅಷ್ಟಕ್ಕೂ ಕೊಡಗಿನ ತಳಬಂಡೆಗೆ 300 ಕೋಟಿ ವರ್ಷ ದಾಟಿದೆ. ಭೂಮಿಯ ಮೇಲೆ ಮರ ಬಂದು 40 ಕೋಟಿ ವರ್ಷವೂ ಆಗಿಲ್ಲ. ಬಂಡೆಯೊಳಗೆ ಹುಡುಕುವುದು ದಂಡ.

ನಿಜವಾದದ್ದನ್ನು ಹತ್ತಿರದಲ್ಲಿ ನೋಡಬೇಕಾದರೆ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈಯ ಕಲ್ಲುಮರದ ಉದ್ಯಾನಕ್ಕೆ ಹೋಗಿ. ಲೆನ್ಸ್ ಜೇಬಿನಲ್ಲಿರಲಿ, ಚಾಕು ಮನೆಯಲ್ಲೇ ಬಿಡಿ.